ಹದಿನಾರು ಮೀಟರ್

ಕಾಲೇಜಿನಲ್ಲಿ ಗಂಟೆ ಹೊಡೆಯುವ ಕೆಲಸಕ್ಕೆ ಸೇರಿದಾಗ ಲಾಡ್ಲೆಸಾಬನಿಗೆ ನಲವತ್ತೊಂದು ವರ್ಷ. ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ಟ್ರ್ಯಾಕ್ಟರ್ ನಡೆಸುವುದು ಬಿಟ್ಟರೆ ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ. ಟ್ರ್ಯಾಕ್ಟರಿನ ಮಾಲೀಕ, ಕರಜಗಿಯ ಕಲ್ಯಾಣಕುಮಾರನ ಹೊಲದ ಕಬ್ಬು ಕಾರ್ಖಾನೆಗೆ ಹೋಗಬೇಕೆಂದರೆ ಲಾಡ್ಲೆಸಾಬನೇ ಸ್ಟೇರಿಂಗ್ ಮುಂದೆ ಕೂಡಬೇಕು. ಕಬ್ಬು ತುಂಬಿದ ಟ್ರಾಲಿಯನ್ನು ಎರಡು ಬದುಗಳ ನಡುವಿನ ಇಕ್ಕಟ್ಟಿನಲ್ಲಿ ಹಿಂದಕ್ಕೆ ಒಯ್ಯುವಾಗ ಕೂಡ ಅವನ ಮುಖದಲ್ಲಿ ಗಡಿಬಿಡಿ ಕಾಣುತ್ತಿರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕನ್ನಡ ಓದುತ್ತಿದ್ದ, ಮನೆಯಲ್ಲಿ ಉರ್ದು ಆಡುತ್ತಿದ್ದ, ಮಾತು ಮಾತ್ರ ಎರಡರಲ್ಲೂ ಕಡಿಮೆ.

ಕಾಲೇಜು ಸೇರುವುದಕ್ಕೆ ಮುಂಚಿನ ಒಂದು ಜನವರಿಯ ಮಧ್ಯಾಹ್ನ ಅವನು ಕಬ್ಬು ತುಂಬಿದ ಒಂದೇ ಟ್ರಾಲಿ ಕಟ್ಟಿಕೊಂಡು ಹೊರಟಿದ್ದ. ಡಾಂಬರು ರಸ್ತೆ ಖಾಲಿ ಇತ್ತು. ಎರಡೂ ಕಡೆ ಆಳೆತ್ತರದ ಕಬ್ಬು. ಟ್ರ್ಯಾಕ್ಟರಿನ ಟೇಪಿನಲ್ಲಿ ಹಾಡು ಮುಗಿದು ಗರಗರ ಸದ್ದು ಬರತೊಡಗಿತು. ಲಾಡ್ಲೆಸಾಬ ಎಡಗೈ ಚಾಚಿ ಅದರ ಕಿವಿ ತಿರುವಿದ. ತಲೆ ಎತ್ತಿದಾಗ ಹೊಲದ ದಾರಿಯಿಂದ ಒಂದು ಮೋಟರ್ ಸೈಕಲ್ ರಸ್ತೆಗೆ ಬಂದಾಗಿತ್ತು. ಅವನು ಎದ್ದು ನಿಂತು ಬ್ರೇಕ್ ತುಳಿದ. ಹಿಂದಿನ ಗಾಲಿಗಳು ಕಚ್ಚಿ ನಿಂತವು, ರಬ್ಬರು ಕಿರುಚಿತು, ಟ್ರಾಲಿ ಹಿಂದಿನಿಂದ ನೂಕಿತು. ಟ್ರ್ಯಾಕ್ಟರ್ ನಿಂತಾಗ ಮೋಟರ್ ಸೈಕಲ್ ಮುಂದಿನ ಗಾಲಿಯ ಕೆಳಗಿತ್ತು. ಅದನ್ನು ಓಡಿಸುತ್ತಿದ್ದ ಜಗದೇವ ಎಂಬ ಇಪ್ಪತ್ತೆಂಟರ ಹುಡುಗ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ. ಹಣಮವ್ವ ಎಂಬ ವಿಧವೆಗೆ ಅವನೊಬ್ಬನೇ ಮಗ.

ಟೇಪಿನ ವಿಷಯ ಲಾಡ್ಲೆಸಾಬ ಯಾರಿಗೂ ಹೇಳಲಿಲ್ಲ. ‘ಮುಂದೆ ನೋಡಾಕತ್ತಿದ್ದೆ, ಅಂವಾ ಒಮ್ಮೆಲೆ ಬಂದ’ ಎಂದು ಪೊಲೀಸರ ಮುಂದೆ ಹೇಳಿದ, ವಕೀಲರ ಮುಂದೆ ಹೇಳಿದ, ಹೆಂಡತಿ ಮುಮತಾಜಳ ಮುಂದೆಯೂ ಅದನ್ನೇ ಹೇಳಿದ.

ಜಾಮೀನು ಬೇಗ ಸಿಕ್ಕಿತು. ಆದರೆ ತಿಂಗಳಿಗೋ ಎರಡು ತಿಂಗಳಿಗೋ ಅಫಜಲಪುರದ ಕೋರ್ಟಿನಲ್ಲಿ ಹೆಸರು ಕೂಗಿದಾಗ ಬಂದು ನಿಲ್ಲಬೇಕು. ಅವನ ಓರಗೆಯ ಡ್ರೈವರುಗಳು ಸುಗ್ಗಿ ಬಂದರೆ ಮಹಾರಾಷ್ಟ್ರದ ಕಾರ್ಖಾನೆಗಳಿಗೆ ಗಾಡಿ ಹೊಡೆದುಕೊಂಡು ಹೋಗಿ ಐದಾರು ತಿಂಗಳು ಅಲ್ಲೇ ಉಳಿಯುತ್ತಾರೆ. ಇವನಿಗೆ ಅದು ತಪ್ಪಿತು. ಒಂದು ತಾರೀಖಿಗೆ ಬಂದರೆ ಸಾಕ್ಷಿ ಬಂದಿಲ್ಲ, ಇನ್ನೊಂದಕ್ಕೆ ಜಡ್ಜ್ ಸಾಹೇಬರು ರಜೆ, ಮತ್ತೊಂದಕ್ಕೆ ವಕೀಲರ ಮನೆಯಲ್ಲಿ ಮದುವೆ. ನಡುವೆ ಕೊರೊನಾ ಬಂದು ಕೋರ್ಟೇ ಮುಚ್ಚಿತು. ಲೈಸೆನ್ಸ್ ಕೈಗೆ ವಾಪಸ್ ಬಂದಿದ್ದರೂ ಗಾಡಿ ಹತ್ತುವ ಧೈರ್ಯ ಬರಲಿಲ್ಲ. ಎಂಜಿನ್ ಸದ್ದು ಕೇಳಿದರೆ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಕಡೆಗೆ ಯಾರೋ ಹೇಳಿ ಅಫಜಲಪುರದ ಒಂದು ಪಿಯು ಕಾಲೇಜಿನಲ್ಲಿ ಈ ಕೆಲಸ ಹಚ್ಚಿಸಿದರು. ಗಂಟೆ ಹೊಡೆಯುವುದು, ನೀರು ತುಂಬಿಸುವುದು, ಬೋರ್ಡು ಒರೆಸುವುದು.

ಅವನನ್ನು ಹೆಚ್ಚು ಸುಡುತ್ತಿದ್ದದ್ದು ಕೋರ್ಟಿನ ಒಳಗಲ್ಲ, ಹೊರಗೆ. ಪ್ರತಿ ತಾರೀಖಿಗೂ ಹಣಮವ್ವ ಬರುತ್ತಿದ್ದಳು. ಬರಬೇಕೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಬೇವಿನ ಗಿಡದ ಕಟ್ಟೆಯ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಇವನು. ಕೂಡಲು ನೆರಳಿದ್ದದ್ದು ಅಲ್ಲಿ ಮಾತ್ರ. ಮೊದಲ ವರ್ಷ ಅವಳು ಇವನನ್ನು ನೋಡಿ ಉಗುಳುತ್ತಿದ್ದಳು. ಎರಡನೆಯ ವರ್ಷ, "ಜೋರ್ ಬಂದು ನನ್ನ ಮಗನ್ನ ತಿಂದಿ. ನಿನ್ನ ಜೋರಿಗಿ ಬೆಂಕಿ ಹತ್ತಲಿ" ಎಂದು ಬಯ್ಯುತ್ತಿದ್ದಳು. ಲಾಡ್ಲೆಸಾಬ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ಜೋರು ಎಂಬ ಮಾತು ಬಂದದ್ದು ಗುರುಶಾಂತನಿಂದ. ರಸ್ತೆ ಬದಿ ಚಹಾದ ಅಂಗಡಿ ಇಟ್ಟವನು, ಅಪಘಾತಕ್ಕೆ ಅವನೊಬ್ಬನೇ ಸಾಕ್ಷಿ. ಟ್ರ್ಯಾಕ್ಟರ್ ಅರವತ್ತರ ಸ್ಪೀಡಿನಲ್ಲಿ ಬಂತು ಎಂದು ಅವನು ಹೇಳಿಕೆ ಕೊಟ್ಟಿದ್ದ.

"ಲೋಡ್ ಗಾಡಿ ಅರವತ್ತು ಓಡತದೇನ್ರಿ ವಕೀಲ ಸಾಹೇಬ್ರ?" ಎಂದು ಲಾಡ್ಲೆಸಾಬ ತನ್ನ ವಕೀಲರಾದ ಚಂದ್ರಾಮಪ್ಪನವರನ್ನು ಕೇಳಿದ್ದ.

"ಓಡಂಗಿಲ್ಲಂತ ನಿನಗ ಗೊತ್ತು, ನನಗ ಗೊತ್ತು. ಕಾಗದದಾಗ ಅರವತ್ತು ಅಂತ ಅದ. ಅದಕ್ಕ ಏನ್ ಉತ್ತರ ಕೊಡ್ತಿ?" ಎಂದರು ಚಂದ್ರಾಮಪ್ಪ.

ಅವನ ಕಡೆ ಇದ್ದದ್ದು ಅಪಘಾತದ ಜಾಗ ಅಳೆದು ಪೊಲೀಸರು ಬರೆದ ಪಂಚನಾಮೆಯ ಜೆರಾಕ್ಸ್ ಮಾತ್ರ. ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಮಡಚಿ ಇಟ್ಟುಕೊಂಡು ನೂರಾರು ಸಲ ಓದಿದ್ದ. ‘ಡಾಂಬರಿನ ಮೇಲೆ ಟೈರು ಉಜ್ಜಿದ ಗುರುತು ಹದಿನಾರು ಮೀಟರ್. ಡಿಕ್ಕಿಯಾದ ನಂತರ ಟ್ರ್ಯಾಕ್ಟರ್ ಎರಡು ಮೀಟರ್ ಮುಂದೆ ಬಂದು ನಿಂತಿರುತ್ತದೆ.’ ಆ ಸಾಲುಗಳು ಬಾಯಿಪಾಠವಾಗಿದ್ದವು. ಅವು ಏನು ಹೇಳುತ್ತಿವೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಕಾಲೇಜು ಸೇರಿ ಎರಡನೆಯ ಮಳೆಗಾಲ. ಮೂರನೆಯ ಪಿರಿಯಡ್ ಮುಗಿಯಲು ಎರಡು ನಿಮಿಷವಿತ್ತು. ಕೈಯಲ್ಲಿ ಸುತ್ತಿಗೆ ಹಿಡಿದು ವರಾಂಡದಲ್ಲಿ ಬರುತ್ತಿದ್ದ ಲಾಡ್ಲೆಸಾಬ ವಿಜ್ಞಾನದ ತರಗತಿಯ ಕಿಟಕಿ ಹತ್ತಿರ ನಿಂತುಬಿಟ್ಟ. ಒಳಗೆ ಅನುರಾಧಾ ಮೇಡಂ ಭೌತಶಾಸ್ತ್ರ ಹೇಳುತ್ತಿದ್ದರು. ಆಳಂದದವರು, ವರ್ಷ ವರ್ಷ ಆದೇಶ ಬಂದರೆ ಮಾತ್ರ ಉಳಿಯುವ ಅತಿಥಿ ಉಪನ್ಯಾಸಕಿ. ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆದು ಅವರು ಕೇಳುತ್ತಿದ್ದರು:

"ಕಾರು ಬ್ರೇಕ್ ಹಾಕೇದ. ರಸ್ತಾದ ಮ್ಯಾಲ ಇಪ್ಪತ್ತೈದು ಮೀಟರ್ ಗುರುತು ಬಿದ್ದದ. ಆ ಗುರುತು ನೋಡೇ ಕಾರು ಮೊದಲು ಎಷ್ಟು ವೇಗದಾಗಿತ್ತು ಅಂತ ಹೇಳಬಹುದು. ಹೆಂಗ?"

ಮಕ್ಕಳು ಬರೆದುಕೊಂಡರು. ಲಾಡ್ಲೆಸಾಬ ಕಿಟಕಿಯ ಸರಳು ಹಿಡಿದು ನಿಂತೇ ಇದ್ದ. ಅವತ್ತು ಗಂಟೆ ಏಳು ನಿಮಿಷ ತಡವಾಯಿತು, ಪ್ರಿನ್ಸಿಪಾಲರು ಕರೆದು ಬೈದರು. ಬೈಗುಳ ಮುಗಿಯುವವರೆಗೆ ಹೂಂ ಅಂದು, ನೆಟ್ಟಗೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. ಚೀಲದಿಂದ ಜೆರಾಕ್ಸ್ ತೆಗೆದ.

"ಮೇಡಂ, ಗುರುತು ನೋಡಿ ಹೇಳಬಹುದು ಅಂದ್ರಿ. ಹದಿನಾರು ಮೀಟರಿಗಿ ಎಷ್ಟು?"

ಅನುರಾಧಾ ಊಟದ ಡಬ್ಬಿ ಮುಚ್ಚಿಟ್ಟು ಕಾಗದ ಓದಿದರು. ಓದಿ ಮುಗಿದ ಮೇಲೆ ಅವನ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದರು. "ಗುರುತು ಒಂದೇ ಸಾಲಂಗಿಲ್ರಿ, ಲಾಡ್ಲೆಸಾಬ. ಬ್ರೇಕ್ ಹಾಕಿದಾಗ ಗಾಡಿ ಸೆಕೆಂಡಿಗೆ ಎಷ್ಟು ವೇಗ ಕಳಕೋತದ ಅಂತನೂ ಗೊತ್ತಿರಬೇಕು."

"ಅದು ಹೆಂಗ್ ಗೊತ್ತಾಗತದ್ರಿ?"

"ಮೊದಲು ಅದು ಏನಂತ ತಿಳ್ಕೊರಿ. ಆಮ್ಯಾಲ ಹೆಂಗ ಅನ್ನೋದು."

ಹಾಗೆ ಶುರುವಾಯಿತು. ವಾರಕ್ಕೆ ಎರಡು ದಿನ ಊಟದ ಬಿಡುವಿನಲ್ಲಿ ಹದಿನೈದು ನಿಮಿಷ. ವೇಗ ಎಂಬುದು ಅವನಿಗೆ ಕಷ್ಟವಾಗಲಿಲ್ಲ, ಸೆಕೆಂಡಿಗೆ ಇಷ್ಟು ಮೀಟರ್. ವೇಗೋತ್ಕರ್ಷ ಎಂಬಲ್ಲಿಗೆ ಬಂದು ಸಿಕ್ಕಿಹಾಕಿಕೊಂಡ. ಪುಸ್ತಕದಲ್ಲಿ ಸೆಕೆಂಡಿಗೆ ಸೆಕೆಂಡಿಗೆ ಎಂದು ಎರಡು ಸಲ ಬರೆದಿತ್ತು.

"ಒಂದು ಸೆಕೆಂಡು ತಿಳೀತ್ರಿ. ಈ ಎರಡನೇ ಸೆಕೆಂಡು ಎಲ್ಲಿಂದ ಬಂತು?" ಎಂದು ಕೇಳಿದ. ನಾಲ್ಕು ವಾರ ಅದನ್ನೇ ಕೇಳಿದ. ಗಂಟೆ ಹೊಡೆಯುವಾಗ, ನೀರಿನ ಟಾಕಿ ತುಂಬುವಾಗ, ಬಸ್ಸಿನಲ್ಲಿ ಕೂತು ಕರಜಗಿಗೆ ಹೋಗುವಾಗ ಆ ಎರಡನೆಯ ಸೆಕೆಂಡು ಅವನ ತಲೆಯಲ್ಲಿ ನೊಣದಂತೆ ಗುಂಯ್‌ಗುಡುತ್ತಿತ್ತು.

ಅನುರಾಧಾ ಒಂದು ದಿನ ಅವನನ್ನು ವರಾಂಡಕ್ಕೆ ಕರೆದುಕೊಂಡು ಬಂದರು. ನೆಲಕ್ಕೆ ಉದ್ದಕ್ಕೂ ಶಹಾಬಾದ ಹಾಸುಬಂಡೆ ಹಾಕಿತ್ತು. "ಒಂದು ಬಂಡೆ ಅಂದ್ರ ಒಂದು ಮೀಟರ್ ಅಂತ ಹಿಡೀರಿ. ನಿಮ್ಮ ಗಾಡಿ ಸೆಕೆಂಡಿಗೆ ಎಂಟು ಮೀಟರ್ ಓಡಾಕತ್ತದ. ಬ್ರೇಕ್ ತುಳದ್ರಿ. ಸೆಕೆಂಡಿಗೆ ಎರಡೆರಡು ಕಳೀತದ. ಮೊದಲನೇ ಸೆಕೆಂಡ್ ಮುಗಿಯೋದ್ರಾಗ ವೇಗ ಎಷ್ಟಿರತದ?"

"ಆರು."

"ಮತ್ತ?"

"ನಾಕು. ಎರಡು. ಆಮ್ಯಾಲ ನಿಂತತು."

"ಎಂಟರಿಂದ ಆರಕ್ಕ ಇಳಿಯೋ ಸೆಕೆಂಡಿನಾಗ ಎಷ್ಟು ದೂರ ಹೋಯ್ತು? ಎಂಟೂ ಅಲ್ಲ, ಆರೂ ಅಲ್ಲ."

"ನಡುವಿಂದು. ಏಳು."

"ಏಳು ಬಂಡೆ ನಡೀರಿ."

ಲಾಡ್ಲೆಸಾಬ ಏಳು ಬಂಡೆ ನಡೆದು ಚಾಕ್‌ಪೀಸಿನಿಂದ ಗೆರೆ ಹಾಕಿದ. ಮುಂದಿನ ಸೆಕೆಂಡಿಗೆ ಐದು ಬಂಡೆ, ಗೆರೆ. ಅದರ ಮುಂದಿನದಕ್ಕೆ ಮೂರು. ಕಡೆಯದಕ್ಕೆ ಒಂದು. ತಿರುಗಿ ನೋಡಿದ. ನಾಲ್ಕು ಗೆರೆ, ಒಂದಕ್ಕಿಂತ ಒಂದು ಹತ್ತಿರ. ಅವನ ಬಲಗಾಲಿಗೆ ಮೊದಲು ಗೊತ್ತಾಯಿತು, ತಲೆಗೆ ಆಮೇಲೆ. ಬ್ರೇಕ್ ತುಳಿದು ನಿಂತಾಗ ಗಾಡಿ ಮೊದಲು ಹಟ ಮಾಡಿ ನೂಕುವುದು, ಕಡೆಗೆ ಮೆತ್ತಗಾಗುವುದು, ಅದೆಲ್ಲ ಹತ್ತೊಂಬತ್ತು ವರ್ಷ ಅವನ ಪಾದದಡಿಯೇ ನಡೆದದ್ದು. ಆದರೆ ಕಾಲು ಒತ್ತುವ ಜೋರು ಮೊದಲಿಂದ ಕೊನೆಯವರೆಗೆ ಒಂದೇ. ವೇಗ ಕಳೆಯುವ ಲೆಕ್ಕವೂ ಒಂದೇ, ಪ್ರತಿ ಸೆಕೆಂಡಿಗೆ ಎರಡು. ದೂರ ಮಾತ್ರ ಕಡಿಮೆಯಾಗುತ್ತ ಬರುತ್ತದೆ.

"ಒಂದು ಸೆಕೆಂಡು ಓಡೋದಕ್ಕ. ಇನ್ನೊಂದು ಸೆಕೆಂಡು ಕಳಿಯೋದಕ್ಕ" ಎಂದ ನಿಧಾನವಾಗಿ.

ಅನುರಾಧಾ ನಕ್ಕರು. "ಇದನ್ನ ತಿಳಕೊಳ್ಳಾಕ ನನ್ನ ಹುಡುಗರಿಗೆ ಒಂದು ವರ್ಷ ಹಿಡೀತದ್ರಿ."

ಇನ್ನು ಅವನ ಗಾಡಿ ನಿಜಕ್ಕೂ ಎಷ್ಟು ಕಳೆಯುತ್ತಿತ್ತು ಎಂಬುದು ತಿಳಿಯಬೇಕಿತ್ತು. ಸುಗ್ಗಿ ಶುರುವಾದಾಗ ಲಾಡ್ಲೆಸಾಬ ಕಲ್ಯಾಣಕುಮಾರನ ಹತ್ತಿರ ಹೋಗಿ ಒಂದು ತಾಸು ಗಾಡಿ ಬೇಕು ಎಂದ. ಅದೇ ಟ್ರ್ಯಾಕ್ಟರು, ಅದೇ ಟ್ರಾಲಿ, ಅಷ್ಟೇ ಕಬ್ಬು. ಕಲ್ಯಾಣಕುಮಾರ ಬೇರೆ ಏನೂ ಕೇಳದೆ ಚಾವಿ ಕೊಟ್ಟ. "ನೀನೇ ಕೂಡಬೇಕು ನೋಡು. ಬ್ಯಾರೆಯವರ ಕಾಲು ಬ್ಯಾರೆ."

ಭಾನುವಾರ ಬೆಳಿಗ್ಗೆ, ಅದೇ ರಸ್ತೆ. ಅನುರಾಧಾ ಮೊಬೈಲ್ ಹಿಡಿದು ಬದಿಗೆ ನಿಂತರು. ಕಲ್ಯಾಣಕುಮಾರ ರಸ್ತೆಯ ಆ ತುದಿಯಲ್ಲಿ ಬರುವ ಗಾಡಿಗಳನ್ನು ತಡೆದ. ಮೂರು ವರ್ಷದ ಮೇಲೆ ಲಾಡ್ಲೆಸಾಬ ಸೀಟಿನ ಮೇಲೆ ಕೂತ. ಮೆಲ್ಲಗೆ ಓಡಿಸಿಕೊಂಡು ಬಂದು ಬ್ರೇಕ್ ತುಳಿದ. ಎರಡು ಸೆಕೆಂಡಿಗೆ ನಿಂತಿತು, ಅಳತೆಪಟ್ಟಿ ಹಿಡಿದು ನೋಡಿದರೆ ನಾಲ್ಕು ಮೀಟರಿಗೆ ಒಂದು ಗೇಣು ಹೆಚ್ಚು. ಎರಡನೆಯ ಸಲ ಸ್ವಲ್ಪ ಹೆಚ್ಚಿಗೆ ಓಡಿಸಿದ. ಮೂರು ಸೆಕೆಂಡು, ಒಂಬತ್ತು ಮೀಟರ್. ಅನುರಾಧಾ ಕಾಗದದ ಮೇಲೆ ಗೀಚಿ, "ಎರಡೂ ಸಲ ಸೆಕೆಂಡಿಗೆ ಎರಡೇ ಕಳದದ ನೋಡ್ರಿ. ಮೆಲ್ಲಗ ಬಂದಾಗೂ ಅಷ್ಟೇ, ಜೋರ್ ಬಂದಾಗೂ ಅಷ್ಟೇ" ಎಂದರು. ಇನ್ನೊಂದು ಸಲ, ಅವತ್ತಿನ ಗೇರಿನಲ್ಲಿ ಓಡಿಸಬೇಕಿತ್ತು. ಲಾಡ್ಲೆಸಾಬ ಗೇರು ಹಾಕಿದ. ಎಂಜಿನ್ನಿಗೆ ಅವತ್ತಿನ ಸದ್ದು ಬಂತು. ಅವನು ಚಾವಿ ತಿರುವಿ ಕೆಳಗಿಳಿದು ಬದಿಗೆ ಹೋಗಿ ಕೂತುಬಿಟ್ಟ.

"ಬೇಡ ಬಿಡ್ರಿ. ಕಾಗದದ ಮ್ಯಾಲೇ ಬರ್ತದ" ಎಂದರು ಅನುರಾಧಾ.

ಬಂತು. ಸೆಕೆಂಡಿಗೆ ಎರಡು ಕಳೆಯುವ ಗಾಡಿ ಹದಿನಾರು ಮೀಟರ್ ಉಜ್ಜಿ ನಿಲ್ಲಬೇಕೆಂದರೆ ಮೊದಲು ಸೆಕೆಂಡಿಗೆ ಎಂಟು ಮೀಟರ್ ಓಡುತ್ತಿರಬೇಕು. ಅಂದರೆ ಗಂಟೆಗೆ ಇಪ್ಪತ್ತೊಂಬತ್ತು ಕಿಲೋಮೀಟರಿನ ಆಚೀಚೆ. ಅರವತ್ತು ಇದ್ದಿದ್ದರೆ ಗುರುತು ಎಪ್ಪತ್ತು ಮೀಟರಿನ ಹತ್ತಿರ ಹೋಗಬೇಕಿತ್ತು. ಅನುರಾಧಾ ಕಾಗದವನ್ನು ಮಡಚಿ ಅವನ ಕೈಗೆ ಕೊಟ್ಟರು. "ಇದನ್ನ ವಕೀಲರಿಗೆ ಕೊಡ್ರಿ. ನೀವು ಬಚಾವ್."

ಅವತ್ತು ಮನೆಗೆ ಹೋದ ಲಾಡ್ಲೆಸಾಬ ಅಂಗಳದಲ್ಲಿ ಕೂತು ಕಾಗದ ಬಿಡಿಸಿದ. ಮುಮತಾಜ ರೊಟ್ಟಿ ತಟ್ಟುತ್ತ ಒಳಗಿನಿಂದ ಕೇಳುತ್ತಿದ್ದಳು, ಇನ್ನು ಎಷ್ಟು ತಾರೀಖು, ಇನ್ನು ಎಷ್ಟು ದಿನ ಎಂದು. ಅವನ ಕಣ್ಣು ಪಂಚನಾಮೆಯ ಎರಡನೆಯ ಸಾಲಿನ ಮೇಲಿತ್ತು. ಡಿಕ್ಕಿಯಾದ ನಂತರ ಎರಡು ಮೀಟರ್. ಇಷ್ಟು ವರ್ಷ ಆ ಸಾಲು ಸುಮ್ಮನಿತ್ತು. ಈಗ ಓದಲು ಬರುತ್ತಿತ್ತು. ಎರಡೇ ಮೀಟರ್ ಮೊದಲು ಬ್ರೇಕಿನ ಮೇಲೆ ಕಾಲು ಬಿದ್ದಿದ್ದರೆ ಗಾಡಿ ಎರಡು ಮೀಟರ್ ಮೊದಲೇ ನಿಲ್ಲುತ್ತಿತ್ತು. ಜಗದೇವನಿಗೆ ಮುಟ್ಟದೆ ನಿಲ್ಲುತ್ತಿತ್ತು.

ಮರುದಿನ ಮೇಡಮ್ಮಿಗೆ ಕೇಳಿದ. "ಸೆಕೆಂಡಿಗಿ ಎಂಟು ಮೀಟರ್ ಅಂದ್ರ, ಎರಡು ಮೀಟರಿಗಿ ಎಷ್ಟು ಹೊತ್ತು ಹಿಡೀತದ್ರಿ?"

"ಕಾಲು ಸೆಕೆಂಡು. ಯಾಕ್ರಿ?"

"ಸುಮ್ಮ ಕೇಳಿದೆ."

ಕಾಲು ಸೆಕೆಂಡು. ಅವನು ಗಂಟೆಯ ಕೆಳಗೆ ನಿಂತು ಎಡಗೈ ಚಾಚಿ, ಇಲ್ಲದ ಟೇಪಿನ ಇಲ್ಲದ ಕಿವಿಯನ್ನು ತಿರುವಿ ನೋಡಿದ. ಕೈ ಹೋಗುವುದಕ್ಕೇ ಕಾಲು ಸೆಕೆಂಡಿಗಿಂತ ಹೆಚ್ಚು ಬೇಕು. ಅಪಘಾತವಾದ ದಿನದಿಂದ ಅವನು ತನಗೆ ತಾನೇ ಒಂದು ಮಾತು ಹೇಳಿಕೊಂಡು ಬಂದಿದ್ದ, ನೋಡುತ್ತಿದ್ದರೂ ಗಾಡಿ ನಿಲ್ಲುತ್ತಿರಲಿಲ್ಲ ಎಂದು. ಆ ಮಾತಿನ ಆಸರೆ ಹೋಯಿತು. ಕೋರ್ಟಿನ ಬಾಗಿಲು ತೆರೆಯುವ ಲೆಕ್ಕವೇ ಅವನನ್ನು ಒಳಗೆ ತಳ್ಳಿ ಹೊರಗಿನಿಂದ ಅಗಳಿ ಹಾಕಿತು. ಕಲಿಯದೆ ಇದ್ದಿದ್ದರೆ ಎಂದು ಎಷ್ಟೋ ಸಲ ಅನಿಸಿತು. ಕಲಿತದ್ದನ್ನು ಮರೆಯುವುದು ಆಗಲಿಲ್ಲ.

ಚಂದ್ರಾಮಪ್ಪ ಮೊದಲು ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಇದು ಕೋರ್ಟ್ ಅದ, ಸಾಲಿ ಅಲ್ಲ." ಅನುರಾಧಾ ಖುದ್ದಾಗಿ ಹೋಗಿ ಅರ್ಧ ತಾಸು ವಿವರಿಸಿದ ಮೇಲೆ ಕನ್ನಡಕ ಏರಿಸಿ ಕೂತರು. ಮುಂದಿನ ತಾರೀಖಿಗೆ, ಅಪಘಾತದ ಗಾಡಿಯ ಬ್ರೇಕ್ ಪರೀಕ್ಷಿಸಿದ್ದ ಇನ್ಸ್‌ಪೆಕ್ಟರು ಸಾಕ್ಷಿಗೆ ಬಂದಾಗ ವಕೀಲರು ಒಂದೇ ಪ್ರಶ್ನೆ ಹಿಡಿದರು: ಅರವತ್ತರಲ್ಲಿ ಬಂದ ಲೋಡ್ ಟ್ರ್ಯಾಕ್ಟರು ಹದಿನಾರು ಮೀಟರಿಗೆ ನಿಲ್ಲುತ್ತದೆಯೇ? ಇನ್ಸ್‌ಪೆಕ್ಟರು ಒಂದು ಕಾಗದ ಕೇಳಿ ಪಡೆದು, ಏನೋ ಬರೆದು, "ಸಾಧ್ಯವಿಲ್ಲ ಸರ್" ಎಂದರು. ಗುರುಶಾಂತನೂ ಪಾಟಿ ಸವಾಲಿನಲ್ಲಿ ನಿಜ ಹೇಳಿದ. "ಗಾಡಿ ಬರೋದು ನಾ ನೋಡಿಲ್ರಿ. ಸಪ್ಪಳ ಕೇಳಿ ಹೊರಗ ಬಂದೆ. ಅಷ್ಟು ಜೋರ್ ಸಪ್ಪಳ ಆತಲ್ಲ, ಜೋರ್ ಬಂದಿರಬೇಕು ಅಂತ ಹೇಳಿದೆ."

ಕಡೆಗೆ ಜಡ್ಜ್ ಸಾಹೇಬರು ಲಾಡ್ಲೆಸಾಬನನ್ನು ನೋಡಿ, ನೀವೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವನ ಬಾಯಿ ತೆರೆಯಿತು. ಹಿಂದಿನ ಬೆಂಚಿನಲ್ಲಿ ಮುಮತಾಜ ಸೆರಗು ಕಚ್ಚಿ ಕೂತಿದ್ದಳು. ಚಂದ್ರಾಮಪ್ಪ ಕಣ್ಣಿನಲ್ಲೇ ಗದರುತ್ತಿದ್ದರು. ಬಾಗಿಲ ಹತ್ತಿರ ಹಣಮವ್ವ ಕಂಬಕ್ಕೆ ಒರಗಿ ನಿಂತಿದ್ದಳು.

"ಏನಿಲ್ರಿ" ಎಂದ.

ಒಂದು ತಿಂಗಳಿಗೆ ತೀರ್ಪು ಬಂತು. ವೇಗವಾಗಿ, ಅಜಾಗರೂಕತೆಯಿಂದ ಓಡಿಸಿದ ಎಂಬುದು ರುಜುವಾತಾಗಿಲ್ಲ, ಬಿಡುಗಡೆ. ಮುಮತಾಜ ಅಲ್ಲೇ ಅತ್ತುಬಿಟ್ಟಳು. "ಚಲೋ ಜೀ, ಘರ್ ಜಾಯೆಂಗೆ" ಎಂದು ಮನೆಗೆ ಕರೆಯುತ್ತ ತೋಳು ಹಿಡಿದಳು. ಲಾಡ್ಲೆಸಾಬ ಅವಳನ್ನು ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಕೂಡಿಸಿ ಬೇವಿನ ಕಟ್ಟೆಗೆ ಬಂದ. ಹಣಮವ್ವ ತನ್ನ ತುದಿಯಲ್ಲಿ ಕೂತಿದ್ದಳು. ಮೊದಲ ಸಲ ಅವನು ಅವಳ ಎದುರಿಗೆ ನೆಲದ ಮೇಲೆ ಕೂತ.

"ಯವ್ವಾ, ನಾ ಜೋರ್ ಬಂದಿದ್ದಿಲ್ಲ. ಅದು ಖರೆ. ಆದ್ರ ನಾ ಮುಂದ ನೋಡಾಕತ್ತಿದ್ದಿಲ್ಲ. ಟೇಪಿಗಿ ಕೈ ಹಾಕಿದ್ದೆ. ಕಾಲು ಸೆಕೆಂಡ್ ಮೊದಲ ಬ್ರೇಕ್ ಹೊಡದಿದ್ರ ನಿಮ್ಮ ಮಗ ಉಳೀತಿದ್ದ."

ಹಣಮವ್ವನಿಗೆ ತಿಳಿಯಲಿಲ್ಲ. "ಕಾಲು ಸೆಕೆಂಡು ಅಂದ್ರ ಎಷ್ಟಪಾ?"

ಅವನು ಒಮ್ಮೆ ಕಣ್ಣು ಮುಚ್ಚಿ ತೆರೆದ. "ಇಷ್ಟು."

ಅವಳು ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ. ಅದೇ ಆದರೆ ಹಗುರವಾದೀತು ಎಂದುಕೊಂಡಿದ್ದ.

"ಇದನ್ನ ಯಾಕ ಹೇಳಿದಿ?" ಎಂದಳು ಹಣಮವ್ವ. "ನೀ ಜೋರ್ ಬಂದಿ, ಪಾಪಿ, ಅಂತ ಬೈಕೊಂತ ಇಷ್ಟು ವರ್ಷ ಜೀವ ಹಿಡದಿದ್ದೆ. ಇಷ್ಟಽ ಇಷ್ಟು ಹೊತ್ತಿಗಿ ನನ್ನ ಮಗ ಹೋದ ಅಂದ್ರ, ಇನ್ನ ಯಾರಿಗೆ ಬೈಲಿ?"

ಅವಳು ಮತ್ತೆ ಕೇಳಿದಳು, ದನಿ ತಗ್ಗಿಸಿ. "ಅಂವಾನೂ ನೋಡದಽ ಬಂದನೇನು, ರಸ್ತಾಕ್ಕ? ಖರೆ ಹೇಳು."

ಜಗದೇವ ನಿಲ್ಲದೆ ಬಂದಿರಬೇಕೆಂದು ಲಾಡ್ಲೆಸಾಬನಿಗೂ ಅನಿಸಿತ್ತು. ವಕೀಲರು ಅದನ್ನು ಕೋರ್ಟಿನಲ್ಲೂ ಹೇಳಿದ್ದರು. ಹೌದು ಎಂದಿದ್ದರೆ ಭಾರದಲ್ಲಿ ಅರ್ಧ ಅವಳ ಕಡೆಗೆ ಸರಿಯುತ್ತಿತ್ತು.

"ಅವರ ಗಾಡಿದು ಯಾರೂ ಅಳತಿ ತಗೊಂಡಿಲ್ಲವ್ವ. ನನ್ನ ಗಾಡಿದಷ್ಟೇ ನನಗ ಗೊತ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಬಸ್ಸಿನ ಹೊತ್ತಾಗಿತ್ತು. ನಾಲ್ಕು ಹೆಜ್ಜೆ ಹೋಗಿ ನಿಂತು, ತಿರುಗದೆಯೇ, "ಬಿಸಿಲಾಗ ಕೂಡಬ್ಯಾಡ, ಏಳು" ಎಂದಳು.

ಮುಂದಿನ ಸುಗ್ಗಿಗೆ ಕಲ್ಯಾಣಕುಮಾರ ಮೂರು ಸಲ ಹೇಳಿ ಕಳಿಸಿದ. ಮುಮತಾಜ ಹಗಲೆಲ್ಲ ಅದನ್ನೇ ಹೇಳುತ್ತಿದ್ದಳು, ಈಗೇನು ಅಡ್ಡಿ, ಕೇಸು ಮುಗಿಯಿತಲ್ಲ ಎಂದು. ಅವಳಿಗೂ ಅವನು ಟೇಪಿನ ಮಾತು ಹೇಳಿದ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಾಲೇಜಿಗೆ ಬುತ್ತಿ ಕಟ್ಟಿ ಕೊಟ್ಟಳು, ಟ್ರ್ಯಾಕ್ಟರಿನ ಸುದ್ದಿ ತೆಗೆಯಲಿಲ್ಲ. ಅನುರಾಧಾ ಮೇಡಮ್ಮಿಗೆ ಆ ವರ್ಷ ಇಲ್ಲಿ ಆದೇಶ ಬರಲಿಲ್ಲ, ಜೇವರ್ಗಿಯ ಕಡೆ ಎಲ್ಲೋ ಸಿಕ್ಕಿತಂತೆ. ಹೊಸದಾಗಿ ಬಂದವರು ಯಡ್ರಾಮಿಯವರು, ಕಿಟಕಿ ಮುಚ್ಚಿಕೊಂಡು ಪಾಠ ಮಾಡುತ್ತಾರೆ.

ಲಾಡ್ಲೆಸಾಬ ಈಗಲೂ ಅಲ್ಲೇ ಇದ್ದಾನೆ. ತಿಂಗಳಿಗೊಮ್ಮೆ ಹಣಮವ್ವ ಪಿಂಚಣಿಗೆಂದು ಅಫಜಲಪುರಕ್ಕೆ ಬರುತ್ತಾಳೆ. ಕೆಲವು ಸಲ ಕಾಲೇಜಿನ ಗೇಟಿನ ಹತ್ತಿರ ನಿಂತು ನೀರು ಕೇಳುತ್ತಾಳೆ. ಅವನು ತಂಬಿಗೆ ತುಂಬಿ ಕೊಡುತ್ತಾನೆ. ಅವಳು ಕುಡಿದು ತಂಬಿಗೆ ಕೊಟ್ಟು ಹೋಗುತ್ತಾಳೆ, ಅವನು ಮುಂದಿನ ಪಿರಿಯಡ್ಡಿನ ಗಂಟೆ ಹೊಡೆಯಲು ಒಳಗೆ ಬರುತ್ತಾನೆ.